ಮಿಲಿಟರಿ ವೈನಿಯ ಆನ್‌ಸೈಟ್

ನಮ್ಮ ಕಡೆ ಸಾಫ್ಟ್‌ವೇರ್ ಹುಡುಗ ಆನ್‌ಸೈಟ್ ಹೊಂಟಾನ ಅಂದ್ರೆ ಓಣಿ ತುಂಬ ಪೇಡೆ ಹಂಚ್ತಾರೆ. ಹೆಂಡತಿಯೂ ಜೊತೆಗೆ ಹೋಗ್ತಾಳೆ ಅಂದ್ರೆ ಇನ್ನೊಂದು ಬಾಕ್ಸ್ ಹೆಚ್ಚಿಗೆ. ಆಕೆ ಅಲ್ಲಿ ಹೋಗಿ ಏನು ಮಾಡ್ತಾಳೆ ಅಂತ ಯಾರೂ ಕೇಳೋದಿಲ್ಲ. ಡಿಪೆಂಡೆಂಟ್ ವೀಸಾ ಅನ್ನೋದು ಈಗ ನಮ್ಮೂರ ಕಟ್ಟೆಯ ಮೇಲೂ ಗೊತ್ತಿರೋ ಶಬ್ದ.

ಅದೇ ಮಿಲಿಟರಿ ಹುಡುಗ ‘ಹೆಂಡತಿಯನ್ನ ಜೊತೆಗೆ ಕರ್ಕೊಂಡು ಹೋಗ್ತೀನಿ’ ಅನ್ನಲಿ, ಮೊದಲು ಬರೋ ಪ್ರಶ್ನೆ ಒಂದೇ: “ಮತ್ತ ಇಲ್ಲಿ ರೊಟ್ಟಿ ಬಡಿಯಾವ್ರು ಯಾರು?”

2023ರಲ್ಲಿ ಈ ಪ್ರಶ್ನೆ ನಮ್ಮ ಮನೆಗೇ ಬಂತು. ನಮ್ಮದು ನವಲಗುಂದ ತಾಲೂಕಿನ ಎರಿ ಹೊಲದ ಊರು. ಅಣ್ಣ ಸೈನ್ಯದಲ್ಲಿ ಹವಾಲ್ದಾರ್. ಅವನಿಗೆ ಭೂತಾನಕ್ಕೆ ಪೋಸ್ಟಿಂಗ್ ಆಯ್ತು, ಫ್ಯಾಮಿಲಿ ಕರೆಸಿಕೊಳ್ಳೋದಕ್ಕೂ ಅವಕಾಶ ಸಿಕ್ತು. ಹೊರದೇಶ, ಹೆಂಡತಿ ಜೊತೆ, ಎರಡು ವರ್ಷ. ನನ್ನ ಸಹೋದ್ಯೋಗಿಗಳ ಭಾಷೆಯಲ್ಲಿ ಹೇಳಬೇಕಂದ್ರೆ ಪಕ್ಕಾ ಆನ್‌ಸೈಟ್. ಆದ್ರೆ ನಮ್ಮ ಮನೆಯಲ್ಲಿ ಪೇಡೆ ಹಂಚಲಿಲ್ಲ, ಪಂಚಾಯ್ತಿ ನಡೀತು.

ಅವ್ವನ ಮಾತಿನಲ್ಲೂ ಅರ್ಥ ಇತ್ತು. ಅವಳಿಗೆ ಮೊಣಕಾಲು ನೋವು. ನಾನಿರೋದು ಬೆಂಗಳೂರಿನಲ್ಲಿ. ವೈನಿ ಹೋದ್ರೆ ಮನೆಯಲ್ಲಿ ಇಬ್ಬರೇ ಮುದುಕರು. ಬೆಣ್ಣಿಹಳ್ಳ ಉಕ್ಕಿ ದಾರಿ ಬಂದಾದ ದಿನ ಔಷಧ ತರೋದಕ್ಕೂ ಜನ ಇರೋದಿಲ್ಲ. ಮೇಲಾಗಿ ಎರಡು ವರ್ಷದ ಕೂಸು. “ಹಿಮದಾಗ ಕೂಸಿನ ಕರ್ಕೊಂಡು ಹೋಗಿ ಏನ್ ಮಾಡ್ತೀ?” ಅಂತ ಅವ್ವ ಕೇಳಿದ್ದು ವೈನಿಯನ್ನ. ಕೊನೆಗೆ ಮಾತು ಮುಗಿಸಿದವನು ಅಪ್ಪ: “ಮೂವತ್ತೈದು ವರ್ಷ ನಿನ್ನ ಕೈ ರೊಟ್ಟಿ ತಿಂದೀನಿ. ಇನ್ನೆರಡು ವರ್ಷ ತಿಂದ್ರ ಸಾಯೂದಿಲ್ಲ. ಹೋಗ್ಲಿ ಬಿಡು.”

ಅಪ್ಪನಿಗೆ ಅಷ್ಟು ಸುಲಭವಾಗಿ ಆ ಮಾತು ಬರೋದಕ್ಕೆ ಹಿಂದೆ ಒಂದು ಕಾರಣ ಇದೆ.

ಅಣ್ಣನ ಮದುವೆ ಆಗಿದ್ದು 2016ರ ಮೇ ತಿಂಗಳಲ್ಲಿ. ಧಾರವಾಡ ಜಿಲ್ಲೆಯವರಿಗೆ ಆ ವರ್ಷ ಮರೆಯೋದಿಲ್ಲ. ಫೆಬ್ರುವರಿ 3ರಂದು ಸಿಯಾಚಿನ್‌ನ ಸೋನಂ ಪೋಸ್ಟ್ ಮೇಲೆ ಹಿಮ ಕುಸಿದು ಹತ್ತು ಯೋಧರು ಅದರಡಿ ಸಿಕ್ಕಿಕೊಂಡರು. ಆರನೇ ದಿನ ಒಬ್ಬರು ಜೀವಂತ ಸಿಕ್ಕರು: ಕುಂದಗೋಳ ತಾಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ಆ ಎರಡು ಮೂರು ದಿನ ನಮ್ಮ ಊರುಗಳಲ್ಲಿ ದೀಪ ಹಚ್ಚದ ಗುಡಿ ಇರಲಿಲ್ಲ. ಫೆಬ್ರುವರಿ 11ರಂದು ದಿಲ್ಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ತೀರಿಹೋದರು.

ಅಣ್ಣನ ಲಗ್ನದ ಮಾತುಕತೆ ನಡೆದಿದ್ದು ಅದೇ ಫೆಬ್ರುವರಿಯಲ್ಲಿ. ವೈನಿ ಅಣ್ಣಿಗೇರಿ ಕಡೆಯವರು. ಅವರ ಮನೆಯ ಹಿರಿಯರು ಹಿಂದೆ ಸರಿಯೋ ಮಾತಾಡಿದ್ರು. ಅವರದೇನೂ ತಪ್ಪಿಲ್ಲ, ಟಿವಿ ಹಾಕಿದ್ರೆ ಅದೇ ಸುದ್ದಿ. ಆಗ ವೈನಿ ತಾವೇ ಅಣ್ಣನಿಗೆ ಫೋನ್ ಮಾಡಿ ಒಂದೇ ಒಂದು ಪ್ರಶ್ನೆ ಕೇಳಿದರಂತೆ: “ಎಲ್ಲಿ ಹೆಂಡ್ರನ್ನ ಕರಸ್ಕೊಳ್ಳಾಕ ಬಿಡ್ತಾರೋ ಅಲ್ಲಿಗೆಲ್ಲಾ ನನ್ನ ಕರ್ಕೊಂಡು ಹೋಗ್ತೀರೇನ್ರಿ?” ಅಣ್ಣ ಹೂಂ ಅಂದ. ಆ ‘ಹೂಂ’ ಮೇಲೆ ನಿಂತ ಮದುವೆ ಇದು. ಅಪ್ಪನಿಗೆ ಇದು ಗೊತ್ತಿತ್ತು.

ಇನ್ನು ಲೆಕ್ಕಕ್ಕೆ ಬರೋಣ, ಎಂಜಿನಿಯರ್ ಆದಮೇಲೆ ಲೆಕ್ಕ ಬಿಡೋಕೆ ಆಗ್ತದಾ? ಜವಾನರಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಕ್ಯಾಶುವಲ್ ರಜೆ. ಪ್ರಯಾಣ, ತುರ್ತು ಕೆಲಸ ಎಲ್ಲ ಕಳೆದು ಅಣ್ಣ ಮನೆಯಲ್ಲಿ ಇದ್ದದ್ದು ವರ್ಷಕ್ಕೆ ಎರಡೂವರೆ ತಿಂಗಳು. 2016ರ ಮೇನಿಂದ 2025ರ ಮೇವರೆಗೆ 108 ತಿಂಗಳು. ಮೊದಲ ಪೀಸ್ ಸ್ಟೇಷನ್‌ನಲ್ಲಿ ಕ್ವಾರ್ಟರ್ಸ್ ಪಾಳಿ ಬಂದು ಒಟ್ಟಿಗೆ ಇದ್ದದ್ದು 20 ತಿಂಗಳು, ಭೂತಾನದಲ್ಲಿ 24. ಉಳಿದ ವರ್ಷಗಳ ರಜೆ ಕೂಡಿಸಿದ್ರೆ ಸುಮಾರು 13. ಒಟ್ಟು 57 ತಿಂಗಳು. ಒಂಬತ್ತು ವರ್ಷದ ಮದುವೆಯಲ್ಲಿ ಸಂಸಾರ ಅಂತ ಆಗಿದ್ದು ಐದು ವರ್ಷಕ್ಕೂ ಕಡಿಮೆ. ಆ 24 ತಿಂಗಳು ತೆಗೆದುಬಿಟ್ರೆ ಏನು ಉಳೀತದೆ ನೀವೇ ನೋಡ್ರಿ.

ಭಾರತದ ಸೈನಿಕರು ಹೊರದೇಶಕ್ಕೆ ಹೋಗೋದು ಹೆಚ್ಚಾಗಿ ವಿಶ್ವಸಂಸ್ಥೆಯ ಶಾಂತಿಪಾಲನೆಗೆ. ಕಾಂಗೋ, ದಕ್ಷಿಣ ಸುಡಾನ್, ಲೆಬನಾನ್. ಅಲ್ಲಿಗೆ ಒಬ್ಬರೇ ಹೋಗಬೇಕು. ಭೂತಾನದ ಕತೆ ಬೇರೆ. ಅಲ್ಲಿನ ರಾಯಲ್ ಭೂತಾನ್ ಆರ್ಮಿಗೆ ತರಬೇತಿ ಕೊಡೋಕೆ ನಮ್ಮ ಸೈನ್ಯದ ಒಂದು ತಂಡ 1962ರಿಂದ ಇದೆ. ಇಮ್‌ಟ್ರಾಟ್ ಅಂತಾರೆ. ಅದರ ಕೇಂದ್ರ ಇರೋದು ಪಶ್ಚಿಮ ಭೂತಾನದ ‘ಹಾ’ ಅನ್ನೋ ಕಣಿವೆಯಲ್ಲಿ. ಹೆಸರು ಅಷ್ಟೇ, ಬರೀ ‘ಹಾ’. “ಎಲ್ಲಿಗೆ ಹೊಂಟಾರ?” ಅಂತ ಯಾರಾದ್ರೂ ಕೇಳಿದ್ರೆ ಅಪ್ಪ “ಹಾ” ಅಂತಿದ್ದ. “ಕಿವಿ ಕೇಳ್ಸಲಿಲ್ಲೇನೋ, ಎಲ್ಲಿಗೆ ಅಂದೆ” ಅಂತ ಮತ್ತೆ ಕೇಳ್ತಿದ್ರು.

ಸಮುದ್ರಮಟ್ಟದಿಂದ ಸುಮಾರು 2,700 ಮೀಟರ್ ಎತ್ತರದ ಊರು. ಅಲ್ಲಿ ನೀರು ಕುದಿಯೋದು 91 ಡಿಗ್ರಿ ಆಸುಪಾಸಿಗೆ, ಹಾಗಾಗಿ ಕುಕ್ಕರ್ ಇಲ್ಲದೆ ಬ್ಯಾಳಿ ಬೇಯೋದಿಲ್ಲ. ಚಳಿಗಾಲದಲ್ಲಿ ನಲ್ಲಿಯ ನೀರು ಹೆಪ್ಪುಗಟ್ತದೆ, ಒಗೆದ ಬಟ್ಟೆ ಒಣಗೋದಿಲ್ಲ, ಬುಖಾರಿ ಒಲೆಯ ಸುತ್ತ ಜೀವನ. ಗಡಿಯಾರ ನಮಗಿಂತ ಅರ್ಧ ಗಂಟೆ ಮುಂದೆ. ದುಡ್ಡು ಙುಲ್ಟ್ರಮ್, ಬೆಲೆ ನಮ್ಮ ರೂಪಾಯಿಯಷ್ಟೇ. ಕ್ವಾರ್ಟರ್ಸ್ ಎಲ್ಲಿತ್ತು, ಹೆಂಗಿತ್ತು ಅನ್ನೋದು ಬರೆಯೋದಿಲ್ಲ. ಮಿಲಿಟರಿ ಮನೆಯವರಿಗೆ ಅದು ಅಭ್ಯಾಸ.

ವೈನಿ ಹೋಗುವಾಗ ಟ್ರಂಕಿನಲ್ಲಿ ಮೂರು ಸಾಮಾನು ತುಂಬಿಕೊಂಡಿದ್ರು: ಖಡಕ್ ರೊಟ್ಟಿ, ಗುರೆಳ್ಳು ಚಟ್ನಿ, ಒಂದು ನವಲಗುಂದ ಜಮಖಾನೆ. ರೊಟ್ಟಿ ಒಂದೂವರೆ ತಿಂಗಳು ಬಂತು. ಆಮೇಲೆ ಅಲ್ಲಿ ಬೆಳೆಯೋ ಬಕ್‌ವೀಟ್ ಹಿಟ್ಟಿನಲ್ಲೇ ಬಡಿಯೋಕೆ ಶುರು ಮಾಡಿದ್ರು. ಜೋಳದಂತೆ ಅದರಲ್ಲೂ ಜಿಗುಟು ಕಮ್ಮಿ, ಕೈ ಕುದುರೋಕೆ ವಾರ ಹಿಡೀತಂತೆ. ಅದೇ ಹಿಟ್ಟಿನಲ್ಲಿ ಹಾ ಕಣಿವೆಯವರು ಸೊಪ್ಪು ತುಂಬಿ ‘ಹೊಯೆಂಟೆ’ ಅಂತ ಮಾಡ್ತಾರೆ. ಫೋಟೋ ನೋಡಿದ ಅವ್ವ “ಇದು ನಮ್ಮ ಕಡಬ ಅಲ್ಲೇನ?” ಅಂದ್ಲು.

ಮೆಣಸಿನಕಾಯಿ ವಿಷಯದಲ್ಲಿ ಮಾತ್ರ ನಮ್ಮವರು ಸೋತ್ರು. ನಾವು ಬ್ಯಾಡಗಿ ಬೆಳೆಯೋ ಸೀಮೆಯವರು, ಅಂಗಳ ತುಂಬ ಕೆಂಪು ಹಾಸಿ ಒಣಗಿಸೋರು. ಆದ್ರೆ ಬ್ಯಾಡಗಿಯ ಗುಣ ಬಣ್ಣ, ಖಾರ ಕಮ್ಮಿ. ಭೂತಾನದಲ್ಲಿ ಮೆಣಸಿನಕಾಯಿ ತರಕಾರಿ. ಎಮಾ ದತ್ಶಿ ಅಂದ್ರೆ ಮೆಣಸಿನಕಾಯಿ ಮತ್ತು ಚೀಸ್, ಅದೇ ದಿನನಿತ್ಯದ ಊಟ. ವೈನಿ ವಿಡಿಯೋ ಕಾಲ್‌ನಲ್ಲಿ ಕಣ್ಣೊರೆಸಿಕೊಂಡು ಹೇಳಿದ್ದು: “ನಾವು ಪಲ್ಯಾಕ್ಕ ಮೆಣಸಿನಕಾಯಿ ಹಾಕ್ತೀವ್ರಿ. ಇವ್ರು ಮೆಣಸಿನಕಾಯಿದ ಪಲ್ಯಾನ ಮಾಡ್ತಾರ.” ಅಲ್ಲೂ ಶರತ್ಕಾಲದಲ್ಲಿ ಮನೆಯ ಮಾಡಿನ ಮೇಲೆ ಕೆಂಪು ಮೆಣಸಿನಕಾಯಿ ಹರವಿರ್ತಾರೆ. ಅದನ್ನ ಮೊದಲ ಸಲ ನೋಡಿದ ದಿನ ಮಾತ್ರ ಊರು ನೆನಪಾಗಿ ಅತ್ತಿದ್ದೆ ಅಂದ್ರು.

ಭಾಷೆಗೂ ಒಂದು ಸುಲಭ ದಾರಿ ಸಿಕ್ತು. ಅಲ್ಲಿ ನಮಸ್ಕಾರ ಅನ್ನೋದಕ್ಕೆ ‘ಕುಜುಜಾಂಗ್‌ಪೋ ಲಾ’. ಆ ಕೊನೆಯ ‘ಲಾ’ ಮರ್ಯಾದೆಗೆ ಹಚ್ಚೋದು, ಥೇಟ್ ನಮ್ಮ ‘ರಿ’ ಇದ್ದಂಗೆ. ವೈನಿ ಹಿಂದಿ ಮಾತಾಡುವಾಗಲೂ ಕೊನೆಗೊಂದು ‘ಲಾ’ ಸೇರಿಸಿ ಮಾರ್ಕೆಟ್ ಗೆದ್ದುಬಿಟ್ರು. ಎಲೆ, ಅಡಿಕೆ, ಸುಣ್ಣ ಸೇರಿಸಿ ತಿನ್ನೋ ‘ಡೋಮಾ’ ಅಲ್ಲಿಯ ಪದ್ಧತಿ, ಮನೆಗೆ ಬಂದವರಿಗೆ ಮೊದಲು ಅದೇ. ಎಲಿ-ಅಡಿಕಿ ಕೊಡೋ ಮನೆ ಪರಕೀಯ ಅನಿಸೋದಾದ್ರೂ ಹೆಂಗ?

ಇನ್ನು ಜಮಖಾನೆ. ನವಲಗುಂದದ ಜಮಖಾನೆ ನೇಯೋರು ಹೆಣ್ಣುಮಕ್ಕಳು, ನಿಂತ ಮಗ್ಗದಲ್ಲಿ. ಭೂತಾನದಲ್ಲೂ ನೇಯೋರು ಹೆಣ್ಣುಮಕ್ಕಳೇ, ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಕೂತು ನೇಯ್ತಾರೆ. ಹಾಲು ತರೋ ಮನೆಯ ಹಿರಿಯ ಹೆಂಗಸು ಒಮ್ಮೆ ಬಂದಾಗ ಜಮಖಾನೆಯ ಅಂಚು ಮಗುಚಿ, ಹಿಂಬದಿ ನೋಡಿ, ತಲೆ ಅಲ್ಲಾಡಿಸಿದರಂತೆ. ನೇಯೋರು ಯಾವ ದೇಶದಲ್ಲಾದ್ರೂ ಮೊದಲು ನೋಡೋದು ಹಿಂಬದಿಯನ್ನೇ ಇರಬೇಕು.

ರವಿವಾರ ಅಂದ್ರೆ ಔಟಿಂಗ್. ದೊಡ್ಡದೇನಲ್ಲ. ಹಾ ಚೂ ಹೊಳೆಯ ದಂಡೆಗೆ ಕೂಸಿನ ಕೈ ಹಿಡಿದು ಅಡ್ಡಾಡೋದು, ಲಾಖಾಂಗ್ ಕಾರ್ಪೋ ಅನ್ನೋ ಬಿಳಿ ಗುಡಿಗೆ ಹೋಗೋದು, ಬಿಲ್ಲಿನ ಆಟ ನೋಡೋದು. ಬಿಲ್ಲುಗಾರಿಕೆ ಅಲ್ಲಿಯ ರಾಷ್ಟ್ರೀಯ ಆಟ, ಗುರಿ ಇರೋದು ಸುಮಾರು 145 ಮೀಟರ್ ದೂರ. ಬಾಣ ತಾಗಿದ್ರೆ ತಂಡದವರೆಲ್ಲ ಹಾಡಿ ಕುಣೀತಾರೆ.

ದೊಡ್ಡ ಔಟಿಂಗ್ ಎರಡು ಮೂರು. ಒಂದು, ಹಾ ಮತ್ತು ಪಾರೋ ನಡುವಿನ ಚೆಲೆ ಲಾ ಕಣಿವೆಮಾರ್ಗ, 3,988 ಮೀಟರ್. ಪ್ರಾರ್ಥನಾ ಧ್ವಜಗಳು ಗಾಳಿಗೆ ಪಟಪಟ ಅನ್ನೋ ಜಾಗದಲ್ಲಿ ಕೂತು ಇವರು ತಿಂದದ್ದು ಶೇಂಗಾ ಹೋಳಿಗೆ. ಇನ್ನೊಂದು ಪಾರೋದ ತಕ್ತ್‌ಸಾಂಗ್, ಬಂಡೆಗೆ ಅಂಟಿಕೊಂಡಂತೆ 1692ರಲ್ಲಿ ಕಟ್ಟಿದ ಮಠ. ಗುರು ಪದ್ಮಸಂಭವ ಹುಲಿಯ ಮೇಲೆ ಕೂತು ಅಲ್ಲಿಗೆ ಹಾರಿ ಬಂದರು ಅಂತ ಪ್ರತೀತಿ. ಹುಲಿ ಇಲ್ಲದವರು ನಡೆದೇ ಏರಬೇಕು. ಅಣ್ಣ ಕೂಸಿನ ಹೆಗಲ ಮೇಲೆ ಹೊತ್ಕೊಂಡು ಹತ್ತಿದ. ಒಳಗೆ ಫೋನ್ ಬಿಡೋದಿಲ್ಲ, ಹಾಗಾಗಿ ಅಲ್ಲಿಯ ಫೋಟೋ ಇಲ್ಲ. ವೈನಿಗೆ ಎಲ್ಲಕ್ಕಿಂತ ಚೆನ್ನಾಗಿ ನೆನಪಿರೋದೂ ಅದೇ ದಿನ.

ಥಿಂಪುಗೆ ಹೋದದ್ದು ಒಂದೇ ಸಲ. ರಾಜಧಾನಿಯಲ್ಲಿ ಒಂದೂ ಟ್ರಾಫಿಕ್ ಸಿಗ್ನಲ್ ಇಲ್ಲ, ಚೌಕದಲ್ಲಿ ಪೊಲೀಸ್ ನಿಂತು ಕೈ ತಿರುಗಿಸ್ತಾರೆ. ಸಿಲ್ಕ್ ಬೋರ್ಡ್‌ನಲ್ಲಿ ನಿಂತು ಆ ವಿಡಿಯೋ ನೋಡಿದ ನನ್ನ ಹೊಟ್ಟೆಯುರಿ ಬೇರೆ ಕತೆ.

ಇದೆಲ್ಲ ಕೇಳಿ ‘ಹನಿಮೂನ್ ಪೋಸ್ಟಿಂಗ್’ ಅಂತ ಚೇಷ್ಟೆ ಮಾಡಿದವರೂ ಇದ್ದರು. ನಕಾಶೆ ತೆಗೆದು ನೋಡ್ರಿ, ಹಾ ಜಿಲ್ಲೆಯ ಪಶ್ಚಿಮಕ್ಕೇ ಡೋಕ್ಲಾಂ. 2017ರಲ್ಲಿ ಭಾರತ-ಚೀನಾ ಸೈನಿಕರು 73 ದಿನ ಎದುರುಬದುರು ನಿಂತ ಜಾಗ. ಅಣ್ಣ ಕೆಲಸದ ಮೇಲೆ ಹೊರಗೆ ಹೋದಾಗ ಎಲ್ಲಿಗೆ, ಎಷ್ಟು ದಿನ ಅಂತ ವೈನಿ ಕೇಳಂಗಿಲ್ಲ. ಅಂಥ ರಾತ್ರಿಗಳಲ್ಲಿ ಅಕ್ಕಪಕ್ಕದ ಕ್ವಾರ್ಟರ್ಸ್‌ನ ಹೆಂಗಸರೇ ಬಳಗ. ಒಬ್ಬರು ಗಢವಾಲಿನವರು, ಒಬ್ಬರು ಕೇರಳದವರು. ಒಬ್ಬರ ಕೂಸಿಗೆ ಜ್ವರ ಬಂದ್ರೆ ಇನ್ನೊಬ್ಬರ ಮನೆಯಲ್ಲಿ ಅಡಿಗೆ.

ಅವ್ವ ಏನಾದ್ಲು? ರೊಟ್ಟಿ ಬಡಿಯೋಕೆ ಓಣಿಯ ಒಬ್ಬ ಹೆಣ್ಣುಮಗಳನ್ನ ಗೊತ್ತು ಮಾಡಿದ್ವಿ, ಪಗಾರ ನಾನು ಅಣ್ಣ ಅರ್ಧರ್ಧ. ತಿಂಗಳಿಗೆ ಒಂದು ವಾರ ನಾನು ಊರಿಂದಲೇ ಕೆಲಸ ಮಾಡಿದೆ. ದಿನಾ ರಾತ್ರಿ ನಮ್ಮ ಎಂಟೂವರೆಗೆ, ಅಲ್ಲಿಯ ಒಂಬತ್ತಕ್ಕೆ, ಕಾಲ್. ತ್ರಾಸು ಆಗಲಿಲ್ಲ ಅಂತ ಹೇಳೋದಿಲ್ಲ. ಒಮ್ಮೆ ಅವ್ವ ಬಚ್ಚಲದಲ್ಲಿ ಜಾರಿ ಬಿದ್ದಾಗ ವೈನಿ ಎರಡು ರಾತ್ರಿ ನಿದ್ದೆ ಮಾಡಲಿಲ್ಲ, ‘ವಾಪಸ್ ಬಂದುಬಿಡ್ತೀನಿ’ ಅಂತ ಬ್ಯಾಗ್ ಕಟ್ಟಿದ್ರು. ಬೇಡ ಅಂದವಳು ಅವ್ವನೇ: “ಇಲ್ಲಿಗೆ ಬಂದು ನನ್ನ ಕಾಲ ಒತ್ತಾಕ ನಿನಗ ಮುಂದ ಬೇಕಾದಷ್ಟು ವರ್ಷ ಅದಾವ. ಅಲ್ಲಿ ಎಷ್ಟು ದಿನ ಅದಾವ ಎಣಿಸ್ಕೋ.”

2025ರ ಏಪ್ರಿಲ್‌ನಲ್ಲಿ ಎಣಿಕೆ ಮುಗೀತು. ಅಣ್ಣನ ಮುಂದಿನ ಪೋಸ್ಟಿಂಗ್ ಫೀಲ್ಡ್ ಏರಿಯಾ, ಫ್ಯಾಮಿಲಿಗೆ ಅವಕಾಶ ಇಲ್ಲ. ವೈನಿ ಮತ್ತು ಕೂಸು ಊರಿಗೆ ಬಂದರು. ಜಮಖಾನೆಯೂ ವಾಪಸ್ ಬಂತು, ಒಂದು ಮೂಲೆಯಲ್ಲಿ ಬುಖಾರಿಯ ಕಿಡಿ ಬಿದ್ದ ಕಪ್ಪು ಚುಕ್ಕೆ ಸಮೇತ. ಕೂಸು ಇನ್ನೂ ಮಾತಿನ ಕೊನೆಗೆ ‘ಲಾ’ ಅಂತದೆ. ಅಪ್ಪ ‘ರಿ’ ಕಲಿಸ್ತಾ ಇದ್ದಾನೆ. ಆದ್ರೆ ಒಂದು ಫರಕು ನಾನು ಕಂಡೆ. ಆ ಕೂಸಿಗೆ ಈಗ ಅಪ್ಪ ಅಂದ್ರೆ ರಜೆಗೆ ಬರೋ ಅತಿಥಿ ಅಲ್ಲ. ಹೆಗಲ ಮೇಲೆ ಹೊತ್ಕೊಂಡು ಗುಡ್ಡ ಏರಿದವನು. ಫೋನ್‌ನಲ್ಲಿ ದನಿ ಕೇಳಿದ್ರೆ ನಾಚೋದಿಲ್ಲ, ಜಗಳ ತೆಗೀತದೆ.

ನಮ್ಮ ತಾಲೂಕುಗಳಲ್ಲಿ ಬೆಳಗಿನ ಐದಕ್ಕೆ ರಸ್ತೆಗೆ ಬಂದ್ರೆ ಅಗ್ನಿವೀರ ಭರ್ತಿಗೆ ಓಡೋ ಹುಡುಗರು ಈಗಲೂ ಸಿಗ್ತಾರೆ. ಸೇರುವಾಗ ಮದುವೆ ಆಗಿರಬಾರದು, ಮೊದಲ ನಾಲ್ಕು ವರ್ಷದ ನೌಕರಿ, ಆಮೇಲೆ ಮುಂದುವರಿಯೋದು ಕೆಲವರು. ಅವರಲ್ಲಿ ಯಾರದೋ ಲಗ್ನಕ್ಕೆ ನಾಳೆ ನಿಮ್ಮ ಮನೆಯ ಹುಡುಗಿಯ ಜಾತಕ ಹೋಗಬಹುದು. ಪಗಾರ ಎಷ್ಟು, ಪೆನ್ಶನ್ ಐತೇನು, ಹೊಲ ಎಷ್ಟು ಅಂತ ಹಿರಿಯರು ಕೇಳೇ ಕೇಳ್ತಾರೆ. ಹುಡುಗಿಗೆ ವೈನಿಯ ಆ ಒಂದು ಪ್ರಶ್ನೆ ಕಲಿಸಿಕೊಡ್ರಿ.

ಹುಡುಗ ಹೂಂ ಅಂದ್ರೆ, ಹುಡುಗನ ತಮ್ಮಂದಿರು, ಅಂದ್ರೆ ನಮ್ಮಂಥ ಲ್ಯಾಪ್‌ಟಾಪಿನವರು, ರೊಟ್ಟಿಯ ವ್ಯವಸ್ಥೆ ನೋಡಿಕೊಳ್ಳೋಣ. ತಿಂಗಳಿಗೊಂದು ವಾರ ಊರಿಂದ ಲಾಗಿನ್ ಆದ್ರೆ ಯಾವ ಪ್ರಾಜೆಕ್ಟೂ ನಿಲ್ಲೋದಿಲ್ಲ.