ಸೀರೆಗೆ ಟೆಸ್ಟ್ ಕೇಸ್ ಬರೆಯೋರು ಯಾರು?

ಹೋದ ವರ್ಷ ತಂಗಿ ಮದುವೆ ಬಸ್ತಾ ತೆಗೆಯಲು ಭಾಲ್ಕಿಯಿಂದ ಒಂದು ಗಾಡಿ ತುಂಬ ಮಂದಿ ಹೋಗಿದ್ವಿ. ದೊಡ್ಡ ಊರಿನ ದೊಡ್ಡ ಅಂಗಡಿ, ಎಸಿ, ಬಂದವರಿಗೆಲ್ಲ ಚಹಾ. ಅಕ್ಷತೆ ಹೊತ್ತಿಗೆ ಉಡುವ ಸೀರೆಗೆ ಹದಿನೆಂಟು ಸಾವಿರ. 'ಪ್ಯೂರ್ ಸಿಲ್ಕ್, ಹ್ಯಾಂಡ್‌ಲೂಮ್ ಇಳಕಲ್' ಅಂದರು. ನಮ್ಮವ್ವ ಸೀರೆ ತಿರುವಿ ಹಾಕಿ, ಒಡಲಿಗೆ ಸೆರಗು ಕೂಡುವ ಜಾಗದಲ್ಲಿ ಬೆರಳಾಡಿಸಿ, "ತಮ್ಮಾ, ಇದಕ್ಕ ಜೋಡ್ ಎಲ್ಲಿ ಅದ? ಒಂದು ಎಳಿ ಕೊಡು, ಸುಟ್ಟು ನೋಡ್ತೀನಿ" ಅಂದಳು. ನನಗೆ ನಾಚಿಕೆ. "ಅವ್ವಾ, ಸುಮ್ಮ ಕೂಡು, ಲೇಬಲ್ ಅದ" ಅಂದವನೇ ಸ್ಕ್ಯಾನ್ ಮಾಡಿ ದುಡ್ಡು ಕೊಟ್ಟೆ.

ಮದುವೆ ಮುಗಿದ ಮೇಲೆ ಅವ್ವ ಸೆರಗಿನ ಕುಚ್ಚಿನಿಂದ ಎಳೆ ಕಿತ್ತು ದೀಪಕ್ಕೆ ಹಿಡಿದಳು. ರೇಷ್ಮೆ ಆಗಿದ್ದರೆ ಕೂದಲು ಸುಟ್ಟ ವಾಸನೆ ಬಂದು, ಮುಟ್ಟಿದರೆ ಉದುರುವ ಬೂದಿ ಆಗಬೇಕು. ಇದು ಕರಗಿ ಗಟ್ಟಿ ಮಣಿಯಾಯ್ತು. ಅವ್ವ ಏನೂ ಅನ್ನಲಿಲ್ಲ.

ಒಂದು ಬಟನ್ನಿನ ಬಣ್ಣ ಬದಲಾದರೂ ನಮ್ಮ ಟೀಮಿನಲ್ಲಿ ಇಬ್ಬರು ನೋಡದೆ ಕೋಡ್ ಮುಂದೆ ಹೋಗಲ್ಲ. ಅಂಥ ನಾನು ಅಂಗಡಿಯವರೇ ಅಚ್ಚು ಹಾಕಿಸಿದ ಚೀಟಿ ನಂಬಿ, ಮನೆಯ ಏಕೈಕ ಟೆಸ್ಟರ್‌ನ ಬಾಯಿ ಮುಚ್ಚಿಸಿದ್ದೆ.

ಅವ್ವ ಹುಡುಕಿದ ಜೋಡ್ ಸಣ್ಣ ಮಾತಲ್ಲ. ಇಳಕಲ್ ಕೈಮಗ್ಗದಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸ್ತಾರೆ. ಅದೇ ತೋಪ್ ತೆನಿ. ಹಾಗಾಗಿ ಒಂದೊಂದು ಸೀರೆಗೂ ಹಾಸು ಹೊಸದಾಗಿ ಹೂಡಬೇಕು. ಉದ್ದಕ್ಕೆ ಒಂದೇ ಹಾಸಿನಲ್ಲಿ ಓಡುವ ಪವರ್‌ಲೂಮ್ ಸೀರೆಯಲ್ಲಿ ಆ ಜೋಡ್ ಇರಲ್ಲ. ಅಂದಹಾಗೆ ಇಳಕಲ್ ಅಂದರೆ ರೇಷ್ಮೆಯೇ ಆಗಬೇಕಂತಿಲ್ಲ, ಹತ್ತಿಯ ಒಡಲಿನದೂ ಅಸಲಿಯೇ. ಹೇಳಿದ್ದು ಒಂದು, ಕೊಟ್ಟಿದ್ದು ಇನ್ನೊಂದು ಆದಾಗಲೇ ತಕರಾರು.

ಸರ್ಕಾರಿ ಗುರುತುಗಳಿಲ್ಲವಾ ಅಂತೀರಿ. ಅವೆ. 2004ರಲ್ಲಿ ಬಂದ ಸಿಲ್ಕ್ ಮಾರ್ಕ್ ರೇಷ್ಮೆ ಶುದ್ಧವೇ ಅಂತ ಮಾತ್ರ ಹೇಳುತ್ತೆ; ನೇಯ್ದದ್ದು ಕೈಯೋ ಕರೆಂಟೋ ಅದಕ್ಕೆ ಸಂಬಂಧವಿಲ್ಲ. 2006ರ ಹ್ಯಾಂಡ್‌ಲೂಮ್ ಮಾರ್ಕ್ ಮಗ್ಗದ ಮಾತಾಡುತ್ತೆ, ನೂಲಿನ ಶುದ್ಧತೆಯದ್ದಲ್ಲ. ಒಂದು ನೋಡಿ ಇನ್ನೊಂದೂ ಪಾಸಾಯ್ತು ಅಂತ ತಿಳಿಯೋದು, ಲಾಗಿನ್ ಟೆಸ್ಟ್ ಮಾಡಿ ಪೇಮೆಂಟ್ ರಿಲೀಸ್ ಮಾಡಿದಂಗ. ಇಳಕಲ್‌ಗೆ ಜಿಐ ಅದ, ಆದರೆ ಅಂಗಡಿ ಗಲ್ಲೆಯ ಮುಂದೆ ಅದನ್ನ ನೋಡೋರು ಯಾರು? ಮೈಸೂರಿನ ಸರ್ಕಾರಿ ರೇಷ್ಮೆ ಕಾರ್ಖಾನೆ ಜರಿಯಲ್ಲಿ 65% ಬೆಳ್ಳಿ, 0.65% ಬಂಗಾರ ಅಂತ ಲೆಕ್ಕ ಹೇಳಿ, ಸೀರೆಗೊಂದು ನಂಬರ್ ಹಾಕಿ ಮಾರುತ್ತೆ. ಮನೆಮನೆಯಲ್ಲಿ ನೇಯುವ ಇಳಕಲ್‌ಗೆ ಅಂಥ ಕಾವಲಿಲ್ಲ.

"ಫೋಟೋದಲ್ಲಿ ಎಲ್ಲಾ ಒಂದೇ ಕಾಣುತ್ತೆ ಬಿಡೋ" ಅಂದ ಒಬ್ಬ ಗೆಳೆಯ. ಪವರ್‌ಲೂಮಿನವನೂ ಬದುಕಬೇಕು, ನನ್ನ ಜಗಳ ಅವನ ಜೊತೆ ಅಲ್ಲ. ಅದನ್ನ ಪವರ್‌ಲೂಮ್ ಅಂತಲೇ, ಅದರ ರೇಟಿಗೆ ಮಾರಲಿ. ಕೆಲವು ಬಗೆಯ ಸೀರೆಗಳನ್ನ ಕೈಮಗ್ಗಕ್ಕೇ ಮೀಸಲಿಟ್ಟ ಕಾಯ್ದೆ 1985ರಿಂದ ಅದ. ಆದರೂ ಅವನ ಬಟ್ಟೆಗೆ ಇವನ ಹೆಸರು ಹಚ್ಚಿ ಮಾರ್ತಾರೆ, ನಾವು ಸಂಬಳದವರು ಕೇಳದೇ ಕೊಡ್ತೀವಿ. ಆ ಹದಿನೆಂಟು ಸಾವಿರದಲ್ಲಿ ತೋಪ್ ತೆನಿ ಹಾಕುವ ಕೈಗೆ ಒಂದು ರೂಪಾಯಿಯೂ ಹೋಗಲಿಲ್ಲ.

ನಮ್ಮ ಬೀದರ್ ಮಂದಿ ಬಿದ್ರಿ ಹೂಜಿ ತಗೊಳ್ಳುವಾಗ ಕೋಟೆಯ ಮಣ್ಣಿನಲ್ಲೇ ಕಪ್ಪು ಮಾಡಿದ್ದಾ ಅಂತ ಹತ್ತು ಸಲ ಕೇಳ್ತಾರೆ. ಸೀರೆ ಮುಂದೆ ಕೂತಾಗ ಮಾತ್ರ, ಹೆಂಗಸರು ಸುಮ್ಮನೆ ತಡ ಮಾಡ್ಲತ್ತಾರ ಅಂತ ಗಡಿಯಾರ ನೋಡ್ತೀವಿ.

ಮುಂದಿನ ತಿಂಗಳು ಮಾಮನ ಮಗಳ ಬಸ್ತಾ ಅದ. ಬಿಲ್ಲಿನಲ್ಲಿ ನೂಲು ಯಾವುದು, ಮಗ್ಗ ಯಾವುದು ಅಂತ ಬರೆಸಿಕೊಳ್ಳೋದು ನನ್ನ ಕೆಲಸ. ಕಡ್ಡಿಪೆಟ್ಟಿಗೆ ಅವ್ವನ ಚೀಲದಾಗ ಇರ್ತದ.