ಪೊದೆಯ ಮೇಲೇಕೆ ಹಗೆ?

ಮೈಸೂರಿನವರಿಗೆ ತಮ್ಮ ಊರಿನ ಚೊಕ್ಕಟತನದ ಹೆಮ್ಮೆ ಉಂಟು, ಇರತಕ್ಕದ್ದೇ. 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ದೇಶಕ್ಕೇ ಮೊದಲಾದ ಊರು ನಮ್ಮದು. ಆದರೆ ಕಸ ಗುಡಿಸುವ ಉತ್ಸಾಹದಲ್ಲಿ ಪೊದೆಯನ್ನೂ ಗುಡಿಸಹೊರಟರೆ ಅದನ್ನು ಚೊಕ್ಕಟತನವೆಂದು ಒಪ್ಪಲು ನಾನು ಸಿದ್ಧನಿಲ್ಲ.

ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗ್ಗೆ ತಿರುಗಾಡುವವರ ಬಾಯಲ್ಲಿ ಒಂದು ಮಾತನ್ನು ಪದೇಪದೇ ಕೇಳಿದ್ದೇನೆ: “ಈ ಕುರುಚಲನ್ನೆಲ್ಲ ಸವರಿ ಹುಲ್ಲುಹಾಸು ಮಾಡಿದರೆ ಎಷ್ಟು ಚೆನ್ನ!” ಹೇಳುವವರು ಸಜ್ಜನರು, ನೀರಿನಲ್ಲಿ ಹೆಜ್ಜಾರ್ಲೆ ತೇಲಿದರೆ ನಿಂತು ನೋಡಿ ಸಂತೋಷಪಡುವವರು. ಆದರೆ ಅವರು ಸವರಬೇಕೆನ್ನುವ ಪೊದೆಯೊಳಗಿಂದಲೇ ‘ಚಕ್, ಚಕ್’ ಎಂಬ ದನಿ ಬರುತ್ತಿರುತ್ತದೆ. ಅದು ಯಾರ ಕಿವಿಗೂ ಬಿದ್ದಂತಿಲ್ಲ.

ಅದು ಬ್ಲೈತನ ಜೊಂಡು ಉಲಿಯಕ್ಕಿ. ಮಣ್ಣಿನ ಬಣ್ಣ; ತೂಕ 10–12 ಗ್ರಾಂ. ಅದರ ತವರು ಫಿನ್ಲೆಂಡಿನಿಂದ ಸೈಬೀರಿಯದವರೆಗೆ ಹಬ್ಬಿದ ನಾಡು. ಮರದ ತುದಿಯಲ್ಲಿ ‘ಚಿವೀ’ ಎನ್ನುವ ಹಸಿರು ಉಲಿಯಕ್ಕಿ ಇನ್ನೂ ಹಗುರ. ಚಳಿಗಾಲ ಕಳೆಯಲು ಬಂದ ಈ ಅತಿಥಿಗಳು ಏಪ್ರಿಲ್ ಹೊತ್ತಿಗೆ ಹಿಂದಿರುಗಬೇಕು. ಸಾವಿರಾರು ಮೈಲಿಯ ದಾರಿಗೆ ಅವುಗಳ ಬುತ್ತಿ ಮೈಯಲ್ಲಿ ಕೂಡಿಸಿಕೊಂಡ ಕೊಬ್ಬು. ಕೊಬ್ಬಿಗೆ ಮೂಲ ಹುಳುಹುಪ್ಪಟೆ. ಹುಳುಹುಪ್ಪಟೆಗೆ ಮನೆ ಈ ಪೊದೆ, ಈ ಮರ. ನುಣ್ಣಗೆ ಕತ್ತರಿಸಿದ ಹುಲ್ಲುಹಾಸಿನಲ್ಲಿ ಅವಕ್ಕೆ ಏನಿದೆ?

2025ರ ಏಪ್ರಿಲ್‌ನಲ್ಲಿ ಹೈದರಾಲಿ ರಸ್ತೆಯನ್ನು ಅಗಲಿಸಲು 40 ಮರಗಳನ್ನು ಕಡಿದರು. ಬುತ್ತಿ ಕಟ್ಟಿಕೊಳ್ಳುವ ತಿಂಗಳಲ್ಲೇ ಉಗ್ರಾಣಕ್ಕೆ ಬೆಂಕಿಯಿಟ್ಟಂತಾಯಿತು. ಇಂಥಲ್ಲೆಲ್ಲ ಒಂದು ಸಮಾಧಾನದ ಮಾತು ಸಿದ್ಧವಾಗಿರುತ್ತದೆ: “ಒಂದಕ್ಕೆ ಹತ್ತು ಸಸಿ ನೆಡೋಣ.” ನೆಡಿ, ಬೇಡವೆಂದವರಾರು? ಆದರೆ ಹಸಿರು ಉಲಿಯಕ್ಕಿ ಚಳಿಗಾಲದಲ್ಲಿ ಕೆಲವೇ ಮರಗಳನ್ನು ತನ್ನದೆಂದು ಗಡಿ ಹಾಕಿಕೊಳ್ಳುತ್ತದೆ, ಮರುವರ್ಷ ಅದೇ ಎಡೆಗೆ ಮರಳುವುದೂ ಉಂಟು. ಕಾಲಿಗೆ ಉಂಗುರ ತೊಡಿಸಿ ನೋಡಿದವರು ಕಂಡ ಸಂಗತಿ ಇದು. ಅಷ್ಟು ದೂರದಿಂದ ಬಂದದ್ದಕ್ಕೆ ಮೊಳದುದ್ದದ ಸಸಿಯನ್ನು ತೋರಿಸಿ “ಇಪ್ಪತ್ತು ವರ್ಷ ತಾಳು” ಎನ್ನುವುದೆ? ಅದರ ಆಯುಸ್ಸೇ ಅಷ್ಟಿಲ್ಲ.

“ಪೊದೆಯಿದ್ದರೆ ಹಾವು ಬರುವುದಿಲ್ಲವೆ?” ಎಂಬ ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ. ಮುದುಕರೂ ಮಕ್ಕಳೂ ನಡೆಯುವ ಹಾದಿ ನಿರ್ಭಯವಾಗಿರಬೇಕು. ಹಾದಿಯ ಎರಡು ಮಗ್ಗುಲಿಗೂ ಒಂದೊಂದು ಮಾರು ಸವರಿದರೆ ಆ ಭಯಕ್ಕೆ ಸಾಕು; ದಡದುದ್ದಕ್ಕೂ ಬೋಳಿಸುವ ಅಗತ್ಯವಿಲ್ಲ. ಭಯ ಹಾವಿನದು, ಶಿಕ್ಷೆ ಹಕ್ಕಿಗೆ ಎಂದರೆ ಯಾವ ನ್ಯಾಯ?

1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆದ ಕೆರೆ ಇದು. ಕಟ್ಟಿದವರು ನೀರಿಗೆಂದು ಕಟ್ಟಿದರು. ಹಕ್ಕಿಗಳು ಕರೆಯದೆಯೇ ಬಂದವು. ಅವುಗಳಿಗಾಗಿ ಹಣ ಖರ್ಚು ಮಾಡಿರೆಂದು ನಾನು ಕೇಳುತ್ತಿಲ್ಲ. ಖರ್ಚು ಮಾಡದಿರಿ ಎಂದೇ ಕೇಳುತ್ತಿದ್ದೇನೆ: ಸವರುವ ಕೂಲಿ, ಹುಲ್ಲುಹಾಸಿನ ನೀರು, ಎರಡೂ ಉಳಿಯುತ್ತವೆ. ಏನನ್ನೂ ಮಾಡದೆ ಪುಣ್ಯ ಕಟ್ಟಿಕೊಳ್ಳುವ ಅವಕಾಶ ಊರಿಗೆ ಅಪರೂಪ, ಅದನ್ನಾದರೂ ಕೆಡಿಸದಿರೋಣ.