ಮನೆಯ ಪ್ರಾರ್ಥನೆ, ನೆರೆಮನೆಯ ನೋವು



ನಮ್ಮ ಗಡಿಸೀಮೆಯ ಕ್ರೈಸ್ತ ಕುಟುಂಬಗಳ ತಾಯ್ತಂದೆಗಳು ಇತ್ತೀಚೆಗೆ ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದುಂಟು. "ಮೇಷ್ಟ್ರೇ, ಮಕ್ಕಳು ಭಾನುವಾರ ದೇವಾಲಯಕ್ಕೇನೋ ಬರುತ್ತಾರೆ. ಆದರೆ ಅಜ್ಜಿ ಜೋಪಾನವಾಗಿ ಇಟ್ಟ ಕನ್ನಡ ಬೈಬಲನ್ನು ಓದಲಾರರು. ನಾಳೆ ನಾವಿಲ್ಲದಾಗ ಇವರ ವಿಶ್ವಾಸ ಉಳಿದೀತೇ?" ಈ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು ಅಥವಾ ಇಂಗ್ಲಿಷು, ಆರಾಧನೆಯಲ್ಲಿ ಬಹುಮಟ್ಟಿಗೆ ತೆಲುಗು. ಹೀಗೆ ಮೂರು ಭಾಷೆಗಳ ನಡುವೆ ಬೆಳೆಯುವ ಮಗುವಿನ ಮನಸ್ಸಿನಲ್ಲಿ ದೇವರು ಯಾವ ಭಾಷೆಯಲ್ಲಿ ಮಾತನಾಡುತ್ತಾನೆ ಎಂಬುದೇ ಈ ತಿಂಗಳ ನಮ್ಮ ವಿಚಾರ.

ಮೊದಲು ಸ್ವಲ್ಪ ಚರಿತ್ರೆಯನ್ನು ನೆನೆಯೋಣ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆಯಿಂದ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬೇರ್ಪಟ್ಟವು. ರಾಯದುರ್ಗ ಅನಂತಪುರಕ್ಕೆ ಸೇರಿತು. ಅನಂತಪುರವೂ 1882ರವರೆಗೆ ಬಳ್ಳಾರಿ ಜಿಲ್ಲೆಯ ಒಂದು ಭಾಗವೇ ಆಗಿತ್ತು. ಮಡಕಶಿರಾ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಆಡಳಿತದ ಗೆರೆಗಳು ಹೀಗೆ ಅತ್ತಿತ್ತ ಸರಿಯುತ್ತಲೇ ಇರುತ್ತವೆ. ಆದರೆ ಒಲೆಯ ಮುಂದೆ ಕುಳಿತ ತಾಯಿ ಮಗುವಿಗೆ ಹೇಳುವ ಮಾತು ಅಷ್ಟು ಬೇಗ ಬದಲಾಗುವುದಿಲ್ಲ.

ಆ ಮಾತಿನ ಬೆಲೆಯನ್ನು ಬಲ್ಲವರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಒಬ್ಬರು. 1810ರಲ್ಲಿ ಬಳ್ಳಾರಿಗೆ ಬಂದ ಇವರು ಮೊದಲು ಮಾಡಿದ ಕೆಲಸ ಕನ್ನಡ ಕಲಿತದ್ದು. ಇವರೂ ಇವರ ಸಹೋದ್ಯೋಗಿ ವಿಲಿಯಂ ರೀವ್ ಅವರೂ ಪಟ್ಟ ಶ್ರಮದ ಫಲವಾಗಿ 1831ರ ಸುಮಾರಿಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಯಿತು. ರೀವ್ ಅವರು ಕನ್ನಡಕ್ಕೆ ನಿಘಂಟನ್ನೂ ಕಟ್ಟಿಕೊಟ್ಟರು. ಹರ್ಮನ್ ಮೋಗ್ಲಿಂಗ್ ಅವರು 1843ರ ಜುಲೈ 1ರಂದು ಮಂಗಳೂರಿನಲ್ಲಿ ಆರಂಭಿಸಿದ 'ಮಂಗಳೂರು ಸಮಾಚಾರ' ಪತ್ರಿಕೆಯು ಮರುವರ್ಷ 'ಕನ್ನಡ ಸಮಾಚಾರ' ಎಂಬ ಹೆಸರಿನಿಂದ ಬಳ್ಳಾರಿಯಲ್ಲಿ ಅಚ್ಚಾಗತೊಡಗಿತು. ಕನ್ನಡದ ಮೊದಲ ಪತ್ರಿಕೆಗೂ ನಮ್ಮ ಈ ಸೀಮೆಗೂ ಇಷ್ಟು ಹತ್ತಿರದ ನಂಟಿದೆಯೆಂಬುದು ನಮ್ಮ ಎಷ್ಟು ಮಕ್ಕಳಿಗೆ ತಿಳಿದಿದೆ?

ಇಲ್ಲಿ ಇನ್ನೊಂದು ಸಂಗತಿಯನ್ನೂ ಮನಗಾಣಬೇಕು. ಇದೇ ಮೋಗ್ಲಿಂಗ್ ಅವರು ಬಸವಪುರಾಣವನ್ನೂ ಜೈಮಿನಿ ಭಾರತವನ್ನೂ ಹರಿದಾಸರ ಪದಗಳನ್ನೂ ಸಂಗ್ರಹಿಸಿ ಅಚ್ಚು ಹಾಕಿಸಿದರು. ಫರ್ಡಿನಾಂಡ್ ಕಿಟೆಲ್ ಅವರು ಕೇಶಿರಾಜನ ಶಬ್ದಮಣಿದರ್ಪಣವನ್ನೂ ನಾಗವರ್ಮನ ಛಂದೋಂಬುಧಿಯನ್ನೂ ಸಂಪಾದಿಸಿ, 1894ರಲ್ಲಿ ತಮ್ಮ ಮಹಾ ನಿಘಂಟನ್ನು ಹೊರತಂದರು. ಇವರು ತಮ್ಮ ವಿಶ್ವಾಸವನ್ನು ಬಿಟ್ಟುಕೊಟ್ಟವರಲ್ಲ. ಅದನ್ನು ಸಾರಲೆಂದೇ ಕಡಲು ದಾಟಿ ಬಂದವರು. ಆದರೂ ನೆರೆಯವರ ಗ್ರಂಥಗಳನ್ನು ಓದಿದರೆ ತಮ್ಮ ದೀಪ ಆರಿಹೋದೀತೆಂದು ಹೆದರಲಿಲ್ಲ. ತನ್ನದನ್ನು ಚೆನ್ನಾಗಿ ಬಲ್ಲವನಿಗೆ ಪರರದರ ಭಯವಿರುವುದಿಲ್ಲ. ನಮ್ಮ ಭಯವೆಲ್ಲ ನಮ್ಮದನ್ನು ಅರೆಬರೆ ಬಲ್ಲುದರಿಂದ ಹುಟ್ಟಿದ್ದು.

ಆದ್ದರಿಂದ ತಾಯ್ತಂದೆಗಳಿಗೆ ನನ್ನ ಮೊದಲ ಬಿನ್ನಹ ಇದು. ದೇವಾಲಯದಲ್ಲಿ ತೆಲುಗಿನ ಉಪದೇಶ ನಡೆದರೆ ಅದಕ್ಕಾಗಿ ಕೊರಗಬೇಡಿರಿ. ತೆಲುಗೂ ದೇವರು ಬಲ್ಲ ಭಾಷೆಯೇ; ಅದು ನಮಗೆ ಅನ್ನ ಕೊಡುವ ಭಾಷೆಯೂ ಹೌದು. ಆದರೆ ಸಂಜೆ ದೀಪ ಹಚ್ಚಿದ ಮೇಲೆ ಹತ್ತು ನಿಮಿಷ ಮನೆಯವರೆಲ್ಲ ಒಟ್ಟಿಗೆ ಕುಳಿತು ಕನ್ನಡದಲ್ಲಿ ಪ್ರಾರ್ಥಿಸಿರಿ. ಓದುಬಾರದ ಅಜ್ಜಿ ನೋಹನ ಕಥೆಯನ್ನೋ ರೂತಳ ಕಥೆಯನ್ನೋ ಬಾಯಿಂದಲೇ ಹೇಳಲಿ. ಮಗು ದಿನಕ್ಕೆ ಎರಡೇ ಸಾಲನ್ನು ಬೆರಳಿಟ್ಟು ಓದಲಿ. ಮೂವತ್ತು ವರ್ಷ ಅಕ್ಷರ ಕಲಿಸಿದವನಾಗಿ ಹೇಳುತ್ತೇನೆ, ತೆಲುಗು ಲಿಪಿ ಬಲ್ಲ ಮಗುವಿಗೆ ಕನ್ನಡ ಲಿಪಿ ಬಹಳ ದೂರದ್ದಲ್ಲ. ಒಂದು ಬೇಸಗೆಯ ರಜೆ ಸಾಕು.

ಎರಡನೆಯದು ಸಭೆಯ ಬಾಳು. ಭಾನುವಾರದ ಒಂದೆರಡು ತಾಸಿನ ಆರಾಧನೆಯೇ ಸಭೆಯಲ್ಲ. ನಮ್ಮ ಕಡೆಯ ಬೆಳೆ ಹಬ್ಬವನ್ನು ನೋಡಿರಿ. ವರ್ಷಕ್ಕೆ ಸರಾಸರಿ 550 ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಬೀಳುವ, ಅದೂ ಹೇಳಿದ ಹೊತ್ತಿಗೆ ಬಾರದ ನಾಡು ನಮ್ಮದು. ಅಂಥಲ್ಲಿ ಒಬ್ಬನು ಒಂದು ಮೊರ ಶೇಂಗಾ, ಇನ್ನೊಬ್ಬಳು ನಾಲ್ಕು ಸೇರು ಸಜ್ಜೆ, ಮತ್ತೊಬ್ಬಳು ಒಂದು ಕುಂಬಳಕಾಯಿ ತಂದು ದೇವರ ಮುಂದಿಡುತ್ತಾರೆ. ಬಳಿಕ ಹರಾಜು. ಬಡ ವಿಧವೆಯ ಕುಂಬಳಕಾಯಿಯನ್ನು ಉಳ್ಳವನು ಪೇಟೆಯ ಬೆಲೆಗಿಂತ ಹೆಚ್ಚು ಕೂಗಿ ಕೊಳ್ಳುವಾಗ ಮಕ್ಕಳು ಕಣ್ಣರಳಿಸಿ ನೋಡುತ್ತಿರುತ್ತಾರೆ. ಕಾಣಿಕೆಯ ಬೆಲೆ ಅದನ್ನು ಬೆಳೆದ ಕೈಯ ಕಷ್ಟದಲ್ಲಿದೆ ಎಂಬ ಪಾಠವನ್ನು ಅವರು ಅಲ್ಲಿ ಪುಸ್ತಕವಿಲ್ಲದೆ ಕಲಿಯುತ್ತಾರೆ.

ಆದರೆ ಇಂದು ನಮ್ಮ ಸಭೆಗಳ ಮುಂದೆ ಹೊಸದೊಂದು ಕೊರತೆಯಿದೆ. ಹರೆಯದವರು ಕೆಲವರು ರಾಯದುರ್ಗದ, ಬಳ್ಳಾರಿಯ ಜೀನ್ಸ್ ಹೊಲಿಗೆಯ ಕೆಲಸಕ್ಕೆ, ಮತ್ತೆ ಕೆಲವರು ಬೆಂಗಳೂರಿಗೆ ಹೊರಟುಹೋಗುತ್ತಾರೆ. ಊರಲ್ಲಿ ಉಳಿದವರು ಮುದುಕರು ಮತ್ತು ಮಕ್ಕಳು. ಒಂಟಿಯಾಗಿರುವ ಮುದುಕರ ಮನೆಗಳೆಷ್ಟು, ಔಷಧಿ ತಂದುಕೊಡುವವರಿಲ್ಲದವರು ಯಾರು ಎಂಬ ಪಟ್ಟಿ ಪ್ರತಿ ಸಭೆಯಲ್ಲಿಯೂ ಇರಬೇಕು. ಭಾನುವಾರದ ಶಾಲೆಯ ಮಕ್ಕಳನ್ನು ಇಬ್ಬಿಬ್ಬರಂತೆ ಆ ಮನೆಗಳಿಗೆ ಕಳುಹಿಸಿರಿ. ಒಂದು ಕೊಡ ನೀರು ತಂದಿಟ್ಟು, ಒಂದು ಅಧ್ಯಾಯ ಓದಿ ಬರಲಿ. ಮುದುಕರಿಗೆ ಕೇಳುವ ಭಾಗ್ಯ, ಮಕ್ಕಳಿಗೆ ಓದುವ ಅಭ್ಯಾಸ. ಎರಡೂ ಒಂದೇ ಕೆಲಸದಿಂದ ಸಾಧ್ಯ.

ಮೂರನೆಯದು ದಾನಧರ್ಮ. ಇದರ ಮಾತು ಬಂದಾಗ ನಮ್ಮ ಜಿಲ್ಲೆಯವರು ವಿಸೆಂತೆ ಫೆರೆರ್ ಅವರನ್ನು ನೆನೆಯದಿರಲಾರರು. 1920ರಲ್ಲಿ ಬಾರ್ಸಿಲೋನಾದಲ್ಲಿ ಜನಿಸಿದ ಇವರು ಯೇಸುಸಭೆಯವರಾಗಿ 1952ರಲ್ಲಿ ಭಾರತಕ್ಕೆ ಬಂದು ಮಹಾರಾಷ್ಟ್ರದ ಮನ್ಮಾಡಿನಲ್ಲಿ ರೈತರ ನಡುವೆ ದುಡಿದರು. 1968ರಲ್ಲಿ ದೇಶವನ್ನು ಬಿಡಬೇಕಾಗಿ ಬಂದರೂ ಮರುವರ್ಷವೇ ಹಿಂತಿರುಗಿ, ಬರಗಾಲದ ಬೀಡಾದ ಅನಂತಪುರವನ್ನು ಆರಿಸಿಕೊಂಡರು. 1970ರಲ್ಲಿ ಯೇಸುಸಭೆಯನ್ನು ಬಿಟ್ಟು ಆನ್ ಪೆರ್ರಿ ಅವರನ್ನು ವಿವಾಹವಾದರು. ಇವರು ಕಟ್ಟಿದ ಗ್ರಾಮೀಣಾಭಿವೃದ್ಧಿ ಸಂಸ್ಥೆ ಶಾಲೆ, ಮನೆ, ನೀರು ನಿಲ್ಲಿಸುವ ಒಡ್ಡುಗಳನ್ನು ಕಟ್ಟಿತು. ಬತ್ತಲಪಲ್ಲಿ, ಕಲ್ಯಾಣದುರ್ಗ, ನಮ್ಮ ಮಗ್ಗುಲ ಕಣೇಕಲ್ಲುಗಳಲ್ಲಿ ಆಸ್ಪತ್ರೆಗಳನ್ನು ತೆರೆಯಿತು. 2009ರ ಜೂನ್ 19ರಂದು ಫೆರೆರ್ ತೀರಿಕೊಂಡಾಗ ಅತ್ತವರಲ್ಲಿ ಎಲ್ಲ ಮತದವರೂ ಇದ್ದರು. ಅವರ ಸಮಾಧಿ ಬತ್ತಲಪಲ್ಲಿಯಲ್ಲಿಯೇ ಇದೆ.

ಈ ಸಂಸ್ಥೆ ಮತಪ್ರಚಾರದ ಸಂಸ್ಥೆಯಲ್ಲ. ಇದನ್ನು ಕುರಿತು ಕ್ರೈಸ್ತರಾದ ನಾವು ಯೋಚಿಸಬೇಕಾದುದುಂಟು. ನಮ್ಮ ನೆರೆಯವರಲ್ಲಿ ಕೆಲವರಿಗೆ ಕ್ರೈಸ್ತರ ದಾನವೆಂದರೆ ಗಾಳಕ್ಕೆ ಸಿಕ್ಕಿಸಿದ ಎರೆ ಎಂಬ ಸಂಶಯವಿದೆ. ಈ ಸಂಶಯಕ್ಕೆ ಕೋಪದಿಂದ ಉತ್ತರಿಸಿದರೆ ಅದು ಹೆಚ್ಚುತ್ತದೆ. ನಡತೆಯಿಂದ ಉತ್ತರಿಸಿದರೆ ಕರಗುತ್ತದೆ. ಅನ್ನಕ್ಕೆ ಷರತ್ತು ಹಾಕಿದರೆ ಅದು ವ್ಯಾಪಾರವಾದೀತೇ ಹೊರತು ದಾನವಾಗದು. ಕೊಟ್ಟವನು ಮರೆಯಬೇಕು, ಪಡೆದವನು ತಲೆಯೆತ್ತಿ ನಡೆಯಬೇಕು.

ಸಮಾರ್ಯದವನ ಸಾಮ್ಯ ನಮಗೆಲ್ಲ ಗೊತ್ತು. ಆದರೆ ಅದು ಗಡಿನಾಡಿನ ಕಥೆಯೆಂದು ನಾವು ಎಂದಾದರೂ ಯೋಚಿಸಿದ್ದೇವೆಯೇ? ಯೆಹೂದ್ಯರೂ ಸಮಾರ್ಯದವರೂ ನೆರೆಹೊರೆಯ ಸೀಮೆಗಳವರು. ಆದರೂ ಒಬ್ಬರನ್ನೊಬ್ಬರು ಸೇರಿಸುತ್ತಿರಲಿಲ್ಲ. ದಾರಿಯಲ್ಲಿ ಬಿದ್ದವನನ್ನು ತನ್ನವರು ಕಂಡೂ ಕಾಣದಂತೆ ಹೋದರು. ಗಡಿಯಾಚೆಯವನು ಗಾಯ ಕಟ್ಟಿ, ಛತ್ರದವನಿಗೆ ಹಣವನ್ನೂ ಕೊಟ್ಟನು. ಬಿದ್ದವನ ಮತವನ್ನು ಅವನು ಕೇಳಲಿಲ್ಲ. ತನ್ನ ಮತಕ್ಕೆ ಬಾ ಎನ್ನಲೂ ಇಲ್ಲ. ನೆರೆಯವನು ಯಾರು ಎಂಬ ಪ್ರಶ್ನೆಗೆ ಯೇಸುಸ್ವಾಮಿ ಕೊಟ್ಟ ಉತ್ತರ ಇದಾದರೆ, ರಾಯದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ನಿಂತ ನಮಗೆ ಅದರ ಅರ್ಥವನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಕಡೆಯದಾಗಿ ಶಾಂತಿಯ ಮಾತು. ನಮ್ಮ ಸೀಮೆ ಈ ವಿಷಯದಲ್ಲಿ ಪುಣ್ಯವಂತ ನೆಲ. ನಾರ್ಪಲ ಮಂಡಲದ ಗೂಗೂಡಿನಲ್ಲಿ ಮೊಹರಂ ಕಾಲಕ್ಕೆ ಕುಳ್ಳಾಯಪ್ಪ ಸ್ವಾಮಿಯ ದರ್ಶನಕ್ಕೆ ಹಿಂದೂಗಳೂ ಮುಸಲ್ಮಾನರೂ ಒಟ್ಟಾಗಿ ಸೇರುತ್ತಾರೆ. ಪೆನುಗೊಂಡೆಯ ಬಾಬಯ್ಯನ ದರ್ಗಾಕ್ಕೆ ಹರಕೆ ಹೊತ್ತು ಹೋಗುವ ಹಿಂದೂ ಮನೆತನಗಳು ಎಷ್ಟೋ. ಶಾಲೆಯಲ್ಲಿ ಮಧ್ಯಾಹ್ನದ ಊಟಕ್ಕೆ ಒಂದೇ ಪಂಕ್ತಿಯಲ್ಲಿ ಕುಳಿತ ಮಕ್ಕಳಿಗೆ ಮತದ ಗೊಡವೆಯಿಲ್ಲ. ಆದರೆ ಕೈಯಲ್ಲಿರುವ ಫೋನಿಗೆ ಎಲ್ಲಿಂದಲೋ ಬಂದ ಒಂದು ಸುಳ್ಳು ಸುದ್ದಿ, ತಲೆಮಾರುಗಳ ಈ ನಂಟನ್ನು ಒಂದು ರಾತ್ರಿಯಲ್ಲಿ ಕೆಡಿಸಬಲ್ಲದು. ಅಂಥ ಸುದ್ದಿ ಬಂದರೆ ಮುಂದಕ್ಕೆ ಕಳುಹಿಸದೆ, ಮೊದಲು ನೆರೆಮನೆಗೆ ಹೋಗಿ ನಿಜವೇನೆಂದು ಕೇಳಿರಿ.

"ಅವರ ಹಬ್ಬಕ್ಕೆ ಹೋಗಬಹುದೇ?" ಎಂದು ಮಕ್ಕಳು ಕೇಳುತ್ತಾರೆ. ಅವರ ಪೂಜೆಯನ್ನು ನಾವು ಮಾಡಬೇಕೆಂದಲ್ಲ. ನಮ್ಮ ಪ್ರಾರ್ಥನೆಯನ್ನು ಅವರು ಮಾಡಬೇಕೆಂದೂ ಅಲ್ಲ. ಆದರೆ ಅವರ ಮನೆಯ ಮದುವೆಗೆ ಚಪ್ಪರ ಹಾಕಲು, ಅವರ ಮನೆಯ ಸಾವಿಗೆ ಹೆಗಲು ಕೊಡಲು, ಕ್ರಿಸ್ಮಸ್ಸಿನ ದಿನ ಅವರಿಗೆ ಎಲೆ ಹಾಕಿ ಬಡಿಸಲು ಯಾವ ಧರ್ಮವೂ ಅಡ್ಡಿ ಬಾರದು. ಬರಗಾಲದಲ್ಲಿ ಒಬ್ಬರು ಮಳೆರಾಯನನ್ನು ಹೊತ್ತು ಬೀದಿ ಸುತ್ತುತ್ತಾರೆ, ಒಬ್ಬರು ಬಯಲಿನಲ್ಲಿ ನಮಾಜು ಮಾಡುತ್ತಾರೆ, ನಾವು ದೇವಾಲಯದಲ್ಲಿ ಮೊಣಕಾಲೂರುತ್ತೇವೆ. ಮಳೆ ಬಂದಾಗ ಅದು ಯಾರ ಹೊಲವೆಂದು ಕೇಳಿ ಸುರಿಯುವುದಿಲ್ಲ.

ಹಾಗಾದರೆ ತಾಯ್ತಂದೆಗಳ ಪ್ರಶ್ನೆಗೆ ಉತ್ತರವೇನು? ಕನ್ನಡದಲ್ಲಿ ಪ್ರಾರ್ಥಿಸಲು ಕಲಿತು, ಒಂಟಿ ಮುದುಕಿಗೆ ನೀರು ತಂದಿಟ್ಟು, ನೆರೆಮನೆಯ ನೋವಿಗೆ ಓಡಿ ಹೋದ ಮಗುವಿನ ವಿಶ್ವಾಸ ಉಳಿದೀತೇ ಎಂದು ಯಾರೂ ಕೇಳಬೇಕಾಗಿಲ್ಲ. ಇಂದು ಸಂಜೆಯೇ ಆ ಹತ್ತು ನಿಮಿಷವನ್ನು ತೆಗೆದಿಡಿರಿ. ಪೆಟ್ಟಿಗೆಯಲ್ಲಿರುವ ಬೈಬಲನ್ನು ಹೊರತೆಗೆದು, ಧೂಳು ಒರಸಿ, ಮಗುವಿನ ಕೈಗೆ ಕೊಡಿರಿ. ಉಳಿದುದನ್ನು ಮುಂದಿನ ತಿಂಗಳು ಮಾತನಾಡೋಣ.